ಸಮುದ್ರಕ್ಕೆ ಉಡಿ ತುಂಬಿದ ಶ್ರಾವಣ

ಗೋಕಾಕದ ಧಬಧಬಿ ನೋಡಲು ಯಾವಾಗ ಬರಬೇಕು ಎಂದು ಪರ ಊರಿನವರು ಕೇಳಿದರೆ ನಮ್ಮ ಕಡೆಯ ಸಣ್ಣ ಕೂಸು ಕೂಡ ಹೇಳುತ್ತದೆ, “ಶ್ರಾವಣದಾಗ ಬರ್ರಿ.” ಆಗ ಘಟಪ್ರಭೆ ಕೆಂಪು ನೀರು ಹೊತ್ತು ತಂದು, ಧುಪದಾಳದ ಒಡ್ಡು ಹಾರಿ, ಬಂಡೆಯ ತುದಿಯಿಂದ ಒಂದೇ ಸಮನೆ ಕೆಳಗೆ ಬೀಳುತ್ತಿರುತ್ತದೆ. ಬೇಸಿಗೆಯಲ್ಲಿ ಬಂದವರಿಗೆ ಬರೀ ಬಂಡೆ ತೋರಿಸಿ, ನೀರು ಇಲ್ಲಿಂದ ಬೀಳುತ್ತದೆ ಎಂದು ಕೈಮಾಡಿ ಹೇಳಿ ಕಳಿಸುತ್ತೇವೆ. ನೀರಿಗೆ ಒಂದು ಕಾಲ. ಆ ಕಾಲಕ್ಕೆ ಹೋದವರಿಗೆ ನೀರು, ತಪ್ಪಿ ಹೋದವರಿಗೆ ಕಲ್ಲು. ನೀರಿನ ಬಗ್ಗೆ ನಮಗಿದ್ದ ತಿಳಿವಳಿಕೆ ಇಷ್ಟೇ. ಇದನ್ನೇ ಬುತ್ತಿ ಕಟ್ಟಿಕೊಂಡು ನಾನೂ ನನ್ನ ಅತ್ತೆಯೂ ಒಂದು ಸಲ ಸಮುದ್ರಕ್ಕೆ ಹೋಗಿ ಬಂದೆವು.

ಹೋದದ್ದು ಒಂದು ಸಲ, ಯಾವಾಗ ಹೋಗಬೇಕು ಎಂದು ಮಾತಾಡಿದ್ದು ಏಳು ವರ್ಷ. ಆ ಮಾತು ಮುಗಿಯುವವರೆಗೆ ನಾನು ಮುತ್ತೈದೆಯೋ ವಿಧವೆಯೋ ಎಂಬುದು ತೀರ್ಮಾನವಾಗುವಂತಿರಲಿಲ್ಲ. ಹಾಗಾಗಿ ಮೊದಲು ನನ್ನ ಬಳೆಗಳ ಕಥೆ ಹೇಳಬೇಕು.

ನನ್ನ ತವರು ಹುಕ್ಕೇರಿ. ಮದುವೆ ಮಾಡಿ ಕೊಟ್ಟದ್ದು ಮೂಡಲಗಿ ಹತ್ತಿರದ ಮಸಗುಪ್ಪಿಗೆ, ಒಕ್ಕಲುತನದ ಮನೆಗೆ. ಮಾವ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಅತ್ತೆ, ಅವಳ ಒಬ್ಬನೇ ಮಗ, ಆಮೇಲೆ ನಾನು. ಗಂಡನ ಜೊತೆ ನಾನು ಬಾಳಿದ್ದು ನಾಲ್ಕು ತಿಂಗಳು. ಆಗ ಜರ್ಮನಿ ಲಡಾಯಿ ನಡೆದಿತ್ತು. ದನ ಕುದುರೆ ಪಳಗಿಸಿ ಗೊತ್ತಿದ್ದ ಗಂಡಸರು ಬೇಕಾಗಿದ್ದಾರೆ ಎಂದು ಗೋಕಾಕದ ಸಂತೆಯಲ್ಲಿ ಡಂಗುರ ಹೊಡೆಸಿದ್ದರು. ಹಗ್ಗ ತರಲು ಸಂತೆಗೆ ಹೋದ ನನ್ನ ಗಂಡ ಹೆಸರು ಬರೆಸಿ ಬಂದ. ಹಗ್ಗ ತಂದಿರಲಿಲ್ಲ. ಘಟಪ್ರಭಾ ಸ್ಟೇಶನ್ನಿನಿಂದ ಮುಂಬಯಿಗೆ ಹೋಗಿ, ಅಲ್ಲಿಂದ ಹಡಗು ಹತ್ತಿ ಬಸ್ರಾ ಸೇರಿದ. ಹೇಸರಗತ್ತೆಗಳ ಮೇಲೆ ಸಾಮಾನು ಹೇರುವುದು ಅವನ ಕೆಲಸ. ಯಾರ ಕೈಯಲ್ಲೋ ಬರೆಸಿದ ಎರಡು ಕಾಗದ ಬಂದವು. ಮೂರನೆಯದಾಗಿ ಬಂದದ್ದು ಸರ್ಕಾರಿ ಕಾಗದ. ಅದರಲ್ಲಿ ಸತ್ತ ಎಂದಿರಲಿಲ್ಲ, ಇದ್ದಾನೆ ಎಂದೂ ಇರಲಿಲ್ಲ, ಪತ್ತೆಯಿಲ್ಲ ಎಂದಿತ್ತು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು.

ಸಾಲಿ ಮಾಸ್ತರರು ಅದನ್ನು ಓದಿ ಹೇಳಿದಾಗ ಅತ್ತೆ ಅಂಗಳದಲ್ಲಿ ಕುಸಿದಳು. ನಾನು ಹಂಚಿನ ಮೇಲಿನ ರೊಟ್ಟಿ ಮಗುಚಿದೆ. ಸುಟ್ಟೀತು ಎಂಬ ಯೋಚನೆ ಬಿಟ್ಟರೆ ಬೇರೆ ಯಾವುದೂ ಬರಲಿಲ್ಲ. ಇದನ್ನು ಹೇಳಿಕೊಂಡರೆ ಜನ ನನ್ನನ್ನು ಕಲ್ಲು ಎನ್ನುತ್ತಾರೆ, ಅನ್ನಲಿ. ನಾಲ್ಕು ತಿಂಗಳಲ್ಲಿ ನಾನು ಅವನ ಮುಖಕ್ಕಿಂತ ಬೆನ್ನನ್ನೇ ಹೆಚ್ಚು ಕಂಡವಳು. ಅವನು ಮುಂದೆ ಮುಂದೆ ಹೊಲಕ್ಕೆ ನಡೆಯುತ್ತಿದ್ದ, ನಾನು ಬುತ್ತಿ ಹೊತ್ತು ಹಿಂದೆ ಹಿಂದೆ ಹೋಗುತ್ತಿದ್ದೆ. ಬೆನ್ನನ್ನು ನೆನೆದು ಅಳಲು ನನಗೆ ಬರಲಿಲ್ಲ.

ನಮ್ಮ ಹೊಳೆದಂಡೆಯಲ್ಲಿ ಒಂದು ಪದ್ಧತಿ ಇತ್ತು. ಯಾರಾದರೂ ಹೊಳೆಯಲ್ಲಿ ಹರಿದು ಹೋಗಿ ಹೆಣ ಸಿಗದಿದ್ದರೆ, ಮಣ್ಣು ಮಾಡಲು ಏನೂ ಇಲ್ಲದಿದ್ದರೆ, ಹೊಸ ನೀರು ಬಂದು ಹೊಳೆ ತುಂಬಿದಾಗ ಹಡೆದವಳು ಹೋಗಿ ಗಂಗವ್ವನಿಗೆ ಉಡಿ ತುಂಬುತ್ತಿದ್ದಳು. ಕುಪ್ಪಸದ ಖಣ, ತೆಂಗಿನಕಾಯಿ, ಅಕ್ಕಿ, ಉತ್ತತ್ತಿ, ಅರಿಸಿನ ಬೇರು. ಹೊಳೆ ಅದನ್ನು ಒಯ್ದರೆ ಮಗ ಗಂಗವ್ವನ ಮಡಿಲಲ್ಲಿದ್ದಾನೆ ಎಂದು ಅರ್ಥ. ಆ ದಿನವೇ ಕಾರ್ಯ ಮುಗಿಸಿ ಅವನ ಹೆಂಡತಿಯ ಬಳೆ ತೆಗೆಯುತ್ತಿದ್ದರು. ಒಯ್ಯದೆ ದಂಡೆಗೇ ಬಿಟ್ಟರೆ ಮನುಷ್ಯ ಎಲ್ಲೋ ಇದ್ದಾನೆ, ಕಾಯಬೇಕು. ಹೊಳೆ ಒಲ್ಲೆ ಎಂದದ್ದನ್ನು ಮಾತ್ರ ನಾನು ಒಮ್ಮೆಯೂ ಕಂಡಿಲ್ಲ. ಹರಿಯುವ ನೀರು ಕೊಟ್ಟದ್ದನ್ನೆಲ್ಲ ಒಯ್ಯುತ್ತದೆ.

ಮಠದ ಅಯ್ಯನವರನ್ನು ಕೇಳಿದಾಗ ಅವರು ಬಹಳ ಹೊತ್ತು ವಿಚಾರ ಮಾಡಿದರು. ಹುಡುಗ ಹೋದದ್ದು ಸಮುದ್ರದ ಮೇಲೆ, ಅಂದಮೇಲೆ ಉಡಿ ತುಂಬಬೇಕಾದದ್ದೂ ಸಮುದ್ರಕ್ಕೇ ಎಂದರು. ಊರ ಹಿರಿಯರೆಲ್ಲ ಹೌದೌದು ಎಂದರು. ಹೋಗಬೇಕಾದವರು ಅವರಾಗಿರಲಿಲ್ಲವಲ್ಲ.

ಹುಕ್ಕೇರಿಯಿಂದ ನನ್ನ ಅಣ್ಣ ಬಂದ. ನಮ್ಮಲ್ಲಿ ಗಂಡ ಸತ್ತವಳಿಗೆ ಸೀರೆ ಉಡಿಸಿ ಇನ್ನೊಬ್ಬನಿಗೆ ಕೊಡುವ ಉಡಿಕೆ ಉಂಟು. ಆದರೆ ಗಂಡ ಸತ್ತಿರಬೇಕು, ಅದು ಊರಿಗೆ ಒಪ್ಪಿಗೆಯಾಗಿರಬೇಕು. ಅಣ್ಣ ಆಗಲೇ ವರ ನೋಡಿಟ್ಟಿದ್ದ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವುದು ಅವನ ಹುಟ್ಟುಗುಣ. ಯಮಕನಮರಡಿಯ ಒಬ್ಬ ಚಕ್ಕಡಿಯವನು, ಹೆಂಡತಿ ತೀರಿಕೊಂಡು ಒಂದು ಹೆಣ್ಣುಮಗು ಇದ್ದವನು. ಸುಗ್ಗಿಯ ಮೇಲೆ ಬೆಲ್ಲ ಹೇರಿಕೊಂಡು ಘಟ್ಟ ಇಳಿದು ವೆಂಗುರ್ಲೆಗೆ ಹೋಗಿ, ಉಪ್ಪು ತೆಂಗಿನಕಾಯಿ ಹೇರಿಕೊಂಡು ಬರುತ್ತಿದ್ದ. ನಮ್ಮವರ ಪೈಕಿ ಸಮುದ್ರ ನೋಡಿದವನು ಅವನೊಬ್ಬನೇ. ಅಣ್ಣ ಅವನನ್ನು ಮಸಗುಪ್ಪಿಗೆ ಕರೆತಂದದ್ದು ಅತ್ತೆಗೆ ದಾರಿ ಹೇಳಲಿ ಎಂದು. ನಾನೂ ಒಮ್ಮೆ ನೋಡಲಿ ಎಂದು ಸಹ ಇರಬೇಕು.

ಅತ್ತೆ ಅವನನ್ನು ಕಟ್ಟೆಯ ಮೇಲೆ ಕೂಡ್ರಿಸಿ ಕೇಳಿದಳು, “ಸಮುದ್ರ ನೋಡಾಕ ಛಲೋ ಕಾಲ ಯಾವುದೋ ತಮ್ಮಾ?”

“ದೀವಳಿಗಿ ಮುಗದ ಮ್ಯಾಲ, ಹೋಳಿಹುಣ್ಣಿಮಿ ಒಳಗರಿ ಯವ್ವಾ,” ಎಂದ ಅವನು. “ಘಟ್ಟ ಒಣಗಿರತೈತಿ. ಸಮುದ್ರ ಶಾಂತ ಇರತೈತಿ. ನೀರ ನೀಲಿ ಅಂದ್ರ ನೀಲಿ.”

ಅತ್ತೆ ನಕ್ಕಳು. “ಆಗ ನಮ್ಮ ಹೊಳ್ಯಾಗ ಎಮ್ಮಿ ಮೈ ತೋಯಾಂಗಿಲ್ಲ. ಬೀಳೂ ನೀರೆಲ್ಲಾ ನಿಂತ ಮ್ಯಾಲ ನಿನ್ನ ಸಮುದ್ರದಾಗ ಏನ ಉಳದಿರತೈತಿ? ಕಲ್ಲ, ಕಪ್ಪಿ.”

“ಅದು ಬತ್ತೂದಿಲ್ಲರಿ.”

“ಬತ್ತಲಾರದ ನೀರ ಎಲ್ಲೈತೋ? ಉಡಿ ತುಂಬೂದು ತುಂಬಿದ ನೀರಿಗೆ. ನೀ ಇನ್ನೂ ಹುಡುಗ ಅದಿ.”

ಅವನು ಬಾಗಿಲ ಸಂದಿಯಲ್ಲಿ ನಿಂತಿದ್ದ ನನ್ನನ್ನು ನೋಡಿ ತಲೆ ಕೆಳಗೆ ಹಾಕಿದ. ಅವನ ಎಡಗೈಯ ಹೆಬ್ಬೆರಳು ಚಕ್ಕಡಿಯ ನೊಗಕ್ಕೆ ಸಿಕ್ಕು ಚಪ್ಪಟೆಯಾಗಿತ್ತು. ಅಷ್ಟರಲ್ಲಿ ಅತ್ತೆ ನನ್ನತ್ತ ತಿರುಗಿ, “ಮಜ್ಜಿಗಿ ತಗೊಂಬಾ,” ಎಂದಳು. ನಾನು ಒಳಗೆ ಹೋಗಿ, ಮಜ್ಜಿಗೆಗೆ ಉಪ್ಪು ಹಾಕಿ, ತಂಬಿಗೆ ತುಂಬಿ ತರುವಷ್ಟರಲ್ಲಿ ಅವರ ಮಾತು ಮುಗಿದಿತ್ತು. ಅವನು ಮಜ್ಜಿಗೆ ಕುಡಿದು ಹೋದ.

ಹೀಗೆ ಮಾತು ಸುರುವಾಯಿತು. ತುಂಬಿದ ನೀರು ಬೇಕೆಂದರೆ ಮಳೆಗಾಲ. ಮಳೆಗಾಲದಲ್ಲಿ ಘಟ್ಟ ಇಳಿಯುವ ಚಕ್ಕಡಿ ಇಲ್ಲ. ಘಟ್ಟ ಇಳಿಯುವಂತಾದಾಗ ಬಿಳಿಜೋಳ ಬಿತ್ತುವ ಹಂಗಾಮು, ಮನೆಯಲ್ಲಿ ಗಂಡಾಳಿಲ್ಲ. ಜೋಳ ತೆನೆ ಹಿಡಿದಾಗ ಹಕ್ಕಿ ಕಾಯಬೇಕು. ಸುಗ್ಗಿ ಮುಗಿದ ಮೇಲೆ ಬಿಸಿಲು, ಆಗ ಸಮುದ್ರ ಬತ್ತಿರುತ್ತದೆ. ಒಂದು ವರ್ಷ ಊರಿಗೂರೇ ಜ್ವರ ಬಂದು ಮಲಗಿತು. ಆ ವರ್ಷ ನಾವು ಬೇರೆ ಹೆಣಗಳಿಗೆ ಸ್ನಾನ ಮಾಡಿಸುವುದರಲ್ಲೇ ಇದ್ದೆವು. ಒಂದು ವರ್ಷ ಅಧಿಕಮಾಸ ಬಂತು, ಒಳ್ಳೆಯ ಕೆಲಸಕ್ಕೆ ಆಗದು ಎಂದಳು ಅತ್ತೆ. ಇದು ಒಳ್ಳೆಯ ಕೆಲಸ ಹೇಗೆ ಎಂದು ನಾನು ಕೇಳಲಿಲ್ಲ. ಇನ್ನೊಂದು ವರ್ಷ ಎಮ್ಮೆ ಈಯುವುದಿತ್ತು. ಎಮ್ಮೆ ಈದ ಮೇಲೆ ಗಿಣ್ಣ ಕಾಸಿ ಓಣಿಗೆಲ್ಲ ಹಂಚಿದಳು, ಸಮುದ್ರದ ಸುದ್ದಿ ತೆಗೆಯಲಿಲ್ಲ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಇಬ್ಬರಿಗೂ ಕಾಲ ಕೂಡಿ ಬರಲಿಲ್ಲ.

ನಾನು ಏನು ಮಾಡಿಕೊಂಡಿದ್ದೆ ಎಂದು ಕೇಳಿದರೆ, ಕೆಲಸ ಮಾಡಿಕೊಂಡಿದ್ದೆ. ನಾಗರಪಂಚಮಿಗೆ ಬಳೆಗಾರ ಬಂದಾಗ ಅತ್ತೆ ನನ್ನ ಕೈ ಹಿಡಿದು ಅವನ ಮುಂದೆ ಚಾಚುತ್ತಿದ್ದಳು, ಹಸಿರು ಬಳೆ ಇಡಿಸುತ್ತಿದ್ದಳು. ನೆರೆಯ ಹೆಂಗಸರು ಅರಿಸಿನ ಕುಂಕುಮಕ್ಕೆ ನನ್ನನ್ನು ಕರೆಯುತ್ತಿದ್ದರು, ಕರೆದ ಮೇಲೆ ಸ್ವಲ್ಪ ಅನುಮಾನದಿಂದ ಹಚ್ಚುತ್ತಿದ್ದರು. ನಾನು ಕೈಯೊಡ್ಡುತ್ತಿದ್ದೆ. ಹಿಟ್ಟಿನ ಡಬ್ಬಿಯ ಮುಚ್ಚಳವನ್ನು ಯಾರೋ ತೆಗೆದು ಮುಚ್ಚಿದಂತೆ, ನನಗೆ ಅದರಲ್ಲಿ ಏನೂ ಇರಲಿಲ್ಲ. ಒಂದು ಮಾತು ಮಾತ್ರ ಖರೆ, ಅದನ್ನು ಬರೆಯಲು ಈ ವಯಸ್ಸಿನಲ್ಲಿ ನಾಚಿಕೆಯೂ ಇಲ್ಲ: ಚಕ್ಕಡಿಯವನ ಆ ಚಪ್ಪಟೆ ಹೆಬ್ಬೆರಳು ನೆನಪಾಗುತ್ತಿತ್ತು. ವರ್ಷಕ್ಕೊಮ್ಮೆ ಸುಗ್ಗಿಯ ಮೇಲೆ ಅವನು ಮೂಡಲಗಿಗೆ ಬೆಲ್ಲಕ್ಕೆಂದು ಬಂದಾಗ ನಮ್ಮ ಕಟ್ಟೆಗೆ ಬಂದು, “ಈ ವರ್ಷ ಏನ್ರಿ ಯವ್ವಾ?” ಎಂದು ಕೇಳಿ, ಉತ್ತರ ಕೇಳಿಕೊಂಡು ಹೋಗುತ್ತಿದ್ದ.

ಏಳನೆಯ ವರ್ಷ ಆಷಾಢದಲ್ಲಿ ಅಣ್ಣ ಸಿಟ್ಟು ಕಟ್ಟಿಕೊಂಡು ಬಂದ. ಅತ್ತೆಯ ಎದುರಿಗೇ ನನಗೆ ಹೇಳಿದ, “ಬಳಿ ಇಟಗೊಂಡ ಮುದುಕಿ ಆಗತಿ.” ಆಮೇಲೆ ಅತ್ತೆಯ ಕಡೆ ತಿರುಗಿದ. “ನೀವು ತುಂಬಿದ ನೀರ ಅಂದ್ರಿ. ಈಗ ತುಂಬಾಕತ್ತೈತಿ. ಈ ಶ್ರಾವಣದಾಗ ಹೋಗಲಿಲ್ಲಂದ್ರ ನಾ ಹಿರ್ಯಾರನ್ನ ಕೂಡಿಸಿ ತಂಗೀನ ಕರಕೊಂಡ ಹೊಕ್ಕೇನಿ. ಧುಪದಾಳದ ಒಡ್ಡಿನ ಮ್ಯಾಲ ನಿಂತು ಇದ ಹೊಳಿಗೆ ಉಡಿ ತುಂಬಸತೇನಿ. ಎಲ್ಲಾ ಹೊಳಿ ಸಮುದ್ರಕ್ಕ ಹೋಗತಾವ.”

ಅತ್ತೆ ಬೆಳಗ್ಗೆಯಿಂದ ಸೋಸುತ್ತಿದ್ದ ಬೇಳೆಯ ಮೊರವನ್ನು ಬದಿಗಿಟ್ಟಳು. “ಶ್ರಾವಣ ಹುಣ್ಣಿಮಿಗೆ ಹೋಗೂಣು,” ಎಂದಳು. ಅಷ್ಟು ಬೇಗ ಒಪ್ಪುತ್ತಾಳೆಂದು ನಾನು ಎಣಿಸಿರಲಿಲ್ಲ.

ಮಳೆಗಾಲದಲ್ಲಿ ಘಟ್ಟ ಇಳಿಸಲು ಬೇರೆ ಯಾವ ಚಕ್ಕಡಿಯವನೂ ಬರಲಿಲ್ಲ, ಇವನು ಬಂದ. ಗೋಕಾಕ, ಹುಕ್ಕೇರಿ ದಾಟಿ, ಸಂಕೇಶ್ವರದಿಂದ ಪಡುವಣಕ್ಕೆ ತಿರುಗಿ ಆಜರೆ, ಅಂಬೋಲಿ. ಎಂಟು ದಿನ ಹಿಡಿಯಿತು. ಹುಕ್ಕೇರಿಯವರೆಗೆ ಜಿಟಿಜಿಟಿ ಮಳೆ, ಅಂಬೋಲಿಯಲ್ಲಿ ಮಳೆಯನ್ನು ಬಿಟ್ಟರೆ ಬೇರೆ ಏನೂ ಇರಲಿಲ್ಲ. ಘಟ್ಟ ಇಳಿಯುವಾಗ ನಾವಿಬ್ಬರೂ ಕೆಳಗಿಳಿದು ಚಕ್ಕಡಿಯ ಹಿಂದೆ ನಡೆದೆವು. ಅವನು ಎತ್ತುಗಳ ಮೂಗುದಾರ ಹಿಡಿದು ಹಿಮ್ಮುಖವಾಗಿ ಹೆಜ್ಜೆ ಇಡುತ್ತ ಇಳಿದ. ಗಾಲಿಗೆ ಮರದ ತುಂಡು ಕಟ್ಟಿದ್ದ, ಅದು ಕಲ್ಲಿಗೆ ಉಜ್ಜಿ ಸುಟ್ಟ ವಾಸನೆ ಬರುತ್ತಿತ್ತು. ಕಾಲಿಗೆ ಇಂಬಳ ಹತ್ತಿದ್ದು ನನಗೆ ಗೊತ್ತೇ ಆಗಲಿಲ್ಲ. ಅವನೇ ನೋಡಿ, ಉಪ್ಪಿನ ಚಿಟಿಕೆ ಹಾಕಿ ಬಿಡಿಸಿ, ತನ್ನ ಕಂಬಳಿಯ ಕೊಪ್ಪೆಯನ್ನು ನನಗೆ ಹೊದಿಸಿದ. ಅತ್ತೆ ನೋಡಿ ಮುಂದೆ ನಡೆದಳು. ಆ ಕಂಬಳಿ ಕುರಿಯ ವಾಸನೆ, ಬೆಲ್ಲದ ವಾಸನೆ ಹೊಡೆಯುತ್ತಿತ್ತು. ನನಗೆ ಅವನು ಬೇಕಾಗಿದ್ದ. ಎಲ್ಲೋ ದೂರದಲ್ಲಿ, ಇನ್ನೊಬ್ಬರ ಹಸಿವಿನ ಸುದ್ದಿ ಕೇಳಿದ ಹಾಗೆ, ಅಷ್ಟು ನನಗೆ ತಿಳಿಯಿತು.

ವೆಂಗುರ್ಲೆ ಮುಟ್ಟಿದ್ದು ಹುಣ್ಣಿಮೆಯ ಹಿಂದಿನ ದಿನ. ಕಾಣುವ ಮೊದಲು ಅದರ ಸಪ್ಪಳ ಕೇಳಿತು. “ಇಲ್ಲೂ ಧಬಧಬಿ ಐತಿ,” ಎಂದಳು ಅತ್ತೆ. ತೆಂಗಿನ ಮರಗಳ ಆಚೆ ಹೋಗಿ ನಿಂತಾಗ ಧಬಧಬಿಯೂ ಇರಲಿಲ್ಲ, ಅವನು ಹೇಳಿದ ನೀಲಿಯೂ ಇರಲಿಲ್ಲ. ರಾಡಿ ಬಣ್ಣದ ನೀರು ಎದ್ದು ಬಿದ್ದು ಬರುತ್ತಿತ್ತು, ಆಕಾಶವೂ ಅದೇ ಬಣ್ಣ. ದೋಣಿಗಳನ್ನೆಲ್ಲ ದಂಡೆಗೆ ಎಳೆದು ಮಗುಚಿ, ಮೇಲೆ ತೆಂಗಿನ ಗರಿ ಹೊದಿಸಿ ಇಟ್ಟಿದ್ದರು. ನಾವು ಬಿಟ್ಟರೆ ನೋಡಲು ಬಂದವರು ಇನ್ನೊಬ್ಬರಿಲ್ಲ. ಸಮುದ್ರ ನೋಡಲು ಇದಕ್ಕಿಂತ ಕೆಟ್ಟ ತಿಂಗಳು ಹುಡುಕಿದರೂ ಸಿಗಲಾರದು ಎಂದು ಆಗಲೇ ಗೊತ್ತಾಯಿತು. ಅತ್ತೆಗೆ ಮಾತ್ರ ಸಮಾಧಾನವಾಗಿತ್ತು, ಏಕೆಂದರೆ ನೀರು ನಮ್ಮ ಶ್ರಾವಣದ ಹೊಳೆಯಂತೆ ರಾಡಿಯಾಗಿತ್ತು.

ಹಣೆಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿ ಕೇಳಿದಳು, “ಆಚಿ ದಂಡಿ ಎಲ್ಲೈತಿ?”

“ಬಸ್ರಾದಾಗ ಐತ್ರಿ ಯವ್ವಾ,” ಎಂದ ಚಕ್ಕಡಿಯವನು.

ಮರುದಿನ ಹುಣ್ಣಿಮೆ. ಸಂಜೆ ತಾನೇ ಕರೆದುಕೊಂಡು ಹೋಗುತ್ತೇನೆ, ಇಲ್ಲಿಯ ಮೀನುಗಾರ ಕೋಳಿಯರೂ ಸಂಜೆಗೇ ಸಮುದ್ರಕ್ಕೆ ತೆಂಗಿನಕಾಯಿ ಬಿಡುತ್ತಾರೆ ಎಂದು ಹೇಳಿ, ಅವನು ಎತ್ತಿನ ಕಾಲಿನಿಂದ ಬಿದ್ದಿದ್ದ ಲಾಳ ಹೊಡೆಸಲು ಕಂಬಾರನ ಕಡೆ ಹೋದ. ಅವನು ಅತ್ತ ಹೋದದ್ದೇ ತಡ, ಅತ್ತೆ ಎದ್ದಳು. ಮೈಮೇಲೆ ನೀರು ಹಾಕಿಕೊಂಡು, ಲಿಂಗಪೂಜೆ ಮುಗಿಸಿ, ಉಡಿಯ ಗಂಟು ತೆಗೆದುಕೊಂಡಳು.

“ಅವರು ಸಂಜಿಗೆ ಅಂದಾರರಿ, ಅತ್ತ್ಯಾರ,” ಎಂದೆ.

“ಅವ ಬರೂತನಕ ಕುಂದ್ರಾಕ ನಾ ಇಲ್ಲಿ ಬೀಗತನಕ್ಕ ಬಂದಿಲ್ಲ. ಬಾಯಾಗ ನೀರ ಹಾಕಿಲ್ಲ, ಉಪಾಸ ಅದೇನಿ. ನಡಿ.”

ಹೊತ್ತು ಆಗ ಒಂದು ಮಾರು ಏರಿತ್ತು. ನೀರು ನಿನ್ನೆಗಿಂತ ಹತ್ತಿರ ಬಂದಂತಿತ್ತು, ಪ್ರತಿ ತೆರೆಯೂ ಹಿಂದಿನದಕ್ಕಿಂತ ಒಂದು ಗೇಣು ಮುಂದೆ. ಅತ್ತೆ ಸೀರೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿಗೆ ಇಳಿದಳು. ನಾನು ಬಾಜೂಕ್ಕೆ ನಿಂತು ಅವಳ ರಟ್ಟೆ ಹಿಡಿದಿದ್ದೆ. ಅರಿಸಿನ ಕುಂಕುಮ ಹಾಕಿದಳು. ಹಸಿರು ಖಣದ ಮೇಲೆ ಅಕ್ಕಿ, ಉತ್ತತ್ತಿ, ಬೇರು, ತೆಂಗಿನಕಾಯಿ ಇಟ್ಟು ಎರಡೂ ಕೈಯಿಂದ ನೀರಿಗೆ ಬಿಟ್ಟಳು. “ತಾಯಿ, ನಿನ್ನ ಹತ್ರ ಇದ್ದರ ತಗೋ. ಇಲ್ಲಂದ್ರ ಹೇಳು,” ಎಂದಳು. ನಾನು ನನ್ನ ಮುಂಗೈ ನೋಡಿಕೊಂಡೆ. ಇನ್ನರ್ಧ ಗಳಿಗೆಗೆ ಈ ಬಳೆಗಳು ಇರುವುದಿಲ್ಲ ಎಂದು ಗೊತ್ತಿತ್ತು. ಭಯವೂ ಆಗಲಿಲ್ಲ, ಸಂತೋಷವೂ ಆಗಲಿಲ್ಲ. ಕಾಲ ಕೆಳಗಿನ ಮರಳು ಜಾರುತ್ತಿದ್ದುದು ಮಾತ್ರ ತಿಳಿಯುತ್ತಿತ್ತು.

ತೆರೆ ಬಂತು. ಅಕ್ಕಿ, ಬೇರು ಎಲ್ಲಿ ಹೋದವೋ ಕಾಣಲಿಲ್ಲ. ತೆಂಗಿನಕಾಯಿ ಒಂದು ಸುತ್ತು ತಿರುಗಿ, ನಮ್ಮನ್ನು ದಾಟಿ, ಹಿಂದಿನ ಮರಳಿನ ಮೇಲೆ ಉರುಳಿ ನಿಂತಿತು. ಎರಡನೆಯ ತೆರೆಗೆ ಖಣ ಬಂದು ಅತ್ತೆಯ ಮೀನಗಂಡಕ್ಕೆ ಸುತ್ತಿಕೊಂಡಿತು. ಅವಳು ಬಿಡಿಸಿ ಮತ್ತೆ ಬಿಟ್ಟಳು. ಮತ್ತೆ ಬಂತು. ಮೂರನೆಯ ಸಲವೂ ಬಂತು.

“ಒಲ್ಲೆ ಅಂದಳು,” ಎಂದಳು ಅತ್ತೆ. ನನ್ನ ಕಡೆ ತಿರುಗಿದಾಗ ಅವಳ ಬಾಯೆಲ್ಲ ನಗೆ. ಮುಂದಿನ ಎರಡು ಹಲ್ಲು ಬಿದ್ದಿದ್ದು ನನಗೆ ಆ ದಿನ ಗೊತ್ತಾಯಿತು. ಏಳು ವರ್ಷದಲ್ಲಿ ಅವಳು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. “ಗಂಗವ್ವ ಒಲ್ಲೆ ಅಂದಳ ಹುಡಿಗಿ! ನನ್ನ ಮಗ ಅದಾನ!”

ದಂಡೆಯ ಮೇಲೆ ಬಲೆ ಹರವುತ್ತ ಕೂತಿದ್ದ ಕೋಳಿಯರ ಮುದುಕಿ ಎದ್ದು ಬಂದಳು. ಅವಳ ಮರಾಠಿ ನಮ್ಮ ಮರಾಠಿಯಲ್ಲ, ಆದರೂ ಹುಕ್ಕೇರಿಯಲ್ಲಿ ಬೆಳೆದ ನನಗೆ ಅರ್ಥವಾಯಿತು. ಈಗ ನೀರು ಏರುವ ಹೊತ್ತು ಬಾಯೀ, ಏರುವಾಗ ಏನು ಕೊಟ್ಟರೂ ತಿರುಗಿ ತಂದು ಹಾಕುತ್ತದೆ; ಹೊತ್ತು ಇಳಿಯುವವರೆಗೆ ತಡೆಯಿರಿ, ನೀರೂ ಇಳಿಯುತ್ತದೆ, ಆಗ ಬಿಟ್ಟರೆ ಒಯ್ಯುತ್ತದೆ, ನಾವೂ ಆಗಲೇ ಬಿಡುವುದು ಎಂದಳು. ಕೈಯನ್ನು ದಂಡೆಯಿಂದ ಒಳಕ್ಕೆ ಎಳೆದು ತೋರಿಸಿದಳು ಕೂಡ.

ಅತ್ತೆಗೆ ಮರಾಠಿ ಬರುತ್ತಿರಲಿಲ್ಲ. “ಏನಂತಾಳ ಆಕಿ?” ಎಂದು ಕೇಳಿದಳು.

ಅಲ್ಲೇ, ಆ ಹೊತ್ತಿನಲ್ಲೇ, ನನ್ನ ಬಾಳೆಲ್ಲ ಇತ್ತು. ಸಂಜೆಯವರೆಗೆ ತಡೆಯಿರಿ ಎನ್ನುತ್ತಾಳೆ ಎಂದು ನಾಲ್ಕು ಮಾತು ಹೇಳಿದ್ದರೆ, ಸಂಜೆಗೆ ಸಮುದ್ರ ಉಡಿ ಒಯ್ಯುತ್ತಿತ್ತು, ಬಳೆ ಹೋಗುತ್ತಿದ್ದವು, ವರ್ಷ ತಿರುಗುವುದರೊಳಗೆ ನಾನು ಯಮಕನಮರಡಿಯಲ್ಲಿ ಇರುತ್ತಿದ್ದೆ. ಅದು ನನಗೆ ಗೊತ್ತಿತ್ತು. ತ್ಯಾಗ ಗೀಗ ಎಂದು ಯಾರೂ ಹೇಳಬೇಡಿ, ನನಗೆ ಅಂಥ ಮಾತು ಕೇಳಿದರೆ ಸಿಟ್ಟು ಬರುತ್ತದೆ. ನಾನು ಅತ್ತೆಯ ಬಾಯಿ ನೋಡುತ್ತ ನಿಂತಿದ್ದೆ, ಅಷ್ಟೇ.

“ತೆಂಗಿನಕಾಯಿ ಛಲೋ ಐತಿ ಅಂತಾಳ್ರಿ,” ಎಂದೆ.

ಚಕ್ಕಡಿಯವನು ಕಂಬಾರನ ಕಡೆಯಿಂದ ಬಂದಾಗ ಅತ್ತೆ ತೆಂಗಿನಕಾಯಿ ಒಡೆದು ಹೋಳು ಮಾಡಿ ಕೂತಿದ್ದಳು. ಅವನು ನೋಡಿದ. “ಯಾವ ಹೊತ್ತಿಗೆ ಬಿಟ್ರಿ?” ಎಂದು ಕೇಳಿದ. “ಮುಂಜಾನಿ,” ಎಂದಳು. ಅವನು ಬಾಯಿ ತೆರೆದವನು ನನ್ನ ಕಡೆ ನೋಡಿದ. ನಾನು ಹೇಳಲಿ ಎಂದು ಕಾದಿರಬೇಕು. ನಾನು ಎತ್ತಿನ ಕೊಂಬು ನೋಡುತ್ತಿದ್ದೆ. ಅವನು ಒಂದು ಹೋಳು ತೆಗೆದುಕೊಂಡು ತಿಂದು, ಎತ್ತುಗಳಿಗೆ ಮೇವು ಹಾಕಲು ಎದ್ದು ಹೋದ. ಹೋಗುವಾಗಿನ ಎಂಟು ದಿನದ ದಾರಿ ಬರುವಾಗ ಹತ್ತು ದಿನ ಹಿಡಿಯಿತು, ಅಷ್ಟೂ ದಿನ ಅವನು ಎತ್ತುಗಳ ಜೊತೆ ಮಾತ್ರ ಮಾತಾಡಿದ.

ಮುಂದಿನ ವರ್ಷ ಅವನು ಸಂಕೇಶ್ವರದ ಕಡೆಯ ಒಬ್ಬಳನ್ನು ಉಡಿಕೆ ಮಾಡಿಕೊಂಡ. ಅಣ್ಣ ನನ್ನ ಜೊತೆ ಎರಡು ವರ್ಷ ಮಾತು ಬಿಟ್ಟ. ಅತ್ತೆ ಸಮುದ್ರ ಕೊಟ್ಟ ಖಣವನ್ನು ಒಗೆದು ಒಣಗಿಸಿ ನನಗೆ ಕುಪ್ಪಸ ಹೊಲಿಸಿದಳು. ಅದರ ಅಂಚಿಗೆ ಉಪ್ಪಿನ ಬಿಳಿ ಕಲೆ ಹತ್ತಿತ್ತು, ಎಷ್ಟು ಒಗೆದರೂ ಹೋಗಲಿಲ್ಲ. ಮಗ ಇದ್ದಾನೆ ಎಂದಮೇಲೆ ಕಾಗದ ಬರಲೇಬೇಕು, ಬಂದರೆ ಪ್ರತಿ ಸಲ ಮಾಸ್ತರರ ಹತ್ತಿರ ಓಡುವುದು ಯಾಕೆ ಎಂದು ನನ್ನನ್ನು ಅಕ್ಷರ ಕಲಿಯಲು ಹಚ್ಚಿದಳು. ಕಾಗದ ಬರಲಿಲ್ಲ. ಅಕ್ಷರ ಬಂದವು. ಆ ಅಕ್ಷರದ ಮೇಲೆಯೇ ಮುಂದೆ ಹುಕ್ಕೇರಿಯ ಹೆಣ್ಣುಮಕ್ಕಳ ಸಾಲೆಯಲ್ಲಿ ನನಗೆ ನೌಕರಿಯಾಯಿತು. ಅತ್ತೆಯನ್ನೂ ಅಲ್ಲಿಗೇ ಕರೆದುಕೊಂಡು ಬಂದೆ. ಮಕ್ಕಳಿಗೆ ಭೂಗೋಳ ಕಲಿಸುವಾಗ ಸಮುದ್ರದ ಏರಿಳಿತದ ಪಾಠವನ್ನು ನಾನು ಬೇಗ ಬೇಗ ಓದಿ ಮುಗಿಸುತ್ತಿದ್ದೆ.

ಇಪ್ಪತ್ತು ವರ್ಷದ ಮೇಲೆ, ಎರಡನೆಯ ಲಡಾಯಿ ನಡೆದಿದ್ದಾಗ, ಅತ್ತೆ ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ಸಾಲೆಯಿಂದ ಬಂದು ಗಂಜಿ ಕುಡಿಸುತ್ತಿದ್ದೆ. ಎರಡು ಗುಟುಕು ಕುಡಿದು ಕೈ ಅಡ್ಡ ಹಿಡಿದಳು.

“ಆ ಮೀನಗಾರ ಮುದುಕಿ ಆ ದಿನ ಏನಂದಿದ್ದಳು?” ಎಂದು ಕೇಳಿದಳು.

ಇನ್ನು ಸುಳ್ಳು ಹೇಳಿ ಆಗಬೇಕಾದದ್ದು ಏನೂ ಇರಲಿಲ್ಲ. “ಹೊತ್ತ ಇಳಿಯೂತನಕ ತಡೀರಿ ಅಂದಳ್ರಿ. ನೀರ ಇಳಿಯುವಾಗ ಬಿಟ್ಟರ ಒಯ್ತೈತಿ ಅಂದಳು.”

“ಹೂಂ. ಅವನೂ ಹಂಗ ಅಂದಿದ್ದ.”

“ಯಾರ್ರಿ?”

“ಚಕ್ಕಡಿಯವ. ಮೊದಲನೇ ವರ್ಷ, ನಮ್ಮ ಕಟ್ಟಿ ಮ್ಯಾಲ. ನೀ ಮಜ್ಜಿಗಿ ತರಾಕ ಒಳಗ ಹೋಗಿದ್ದಿ. ತಿಂಗಳ ಯಾವುದರ ಇರಲಿ ಯವ್ವಾ, ಹೊತ್ತ ನೋಡಿ ಬಿಡ್ರಿ ಅಂದ. ಏರುವಾಗ ಕೊಟ್ಟದ್ದು ತಿರಗಿ ಬರತೈತಿ, ಇಳಿಯುವಾಗ ಕೊಟ್ಟದ್ದು ಹೋಗತೈತಿ. ಹುಣ್ಣಿಮಿಗೆ ಎಷ್ಟೊತ್ತಿಗೆ ಏರತೈತಿ ಅಂತ ನಾನ ಕೇಳಿದ್ದೆ. ಮುಂಜಾನಿಂದ ಮಧ್ಯಾಹ್ನತನಕ ಅಂದ. ನೆಪ್ಪ ಇಟಗೊಂಡಿದ್ದೆ.”

ಗಂಜಿಯ ಬಟ್ಟಲು ನನ್ನ ಕೈಯಲ್ಲೇ ಇತ್ತು. ಏಳು ವರ್ಷ ಅವಳು ಕಾಲ ಹುಡುಕಿದ್ದು, ಎಮ್ಮೆ, ಜೋಳ, ಅಧಿಕಮಾಸ, ಕೊನೆಗೆ ಉಪವಾಸದ ನೆವ, ಎಲ್ಲ ಒಂದೊಂದಾಗಿ ನೆನಪಿಗೆ ಬಂದವು. ನಾನು ಸಿಟ್ಟನ್ನು ಹುಡುಕಿದೆ. ಬರಬೇಕಾಗಿತ್ತು, ಬಂದಿದ್ದರೆ ನನಗೂ ಒಳ್ಳೆಯದಾಗುತ್ತಿತ್ತು.

“ಸಿಟ್ಟ ಬಂತೇನು?” ಎಂದಳು.

“ಇಲ್ಲರಿ.”

“ಗೊತ್ತಿದ್ದೂ ನೀ ಯಾಕ ಹೇಳಲಿಲ್ಲ?”

“ನೀವು ನಗಾಕತ್ತಿದ್ರಿ, ಅತ್ತ್ಯಾರ.”

ಅವಳು ಗೋಡೆಯ ಕಡೆ ಮುಖ ಮಾಡಿದಳು. ಅತ್ತಳೋ ಏನೋ ನನಗೆ ಕಾಣಲಿಲ್ಲ. ಈ ಕಡೆ ತಿರುಗದೆಯೇ, ಕೈಯನ್ನಷ್ಟೇ ಹಿಂದಕ್ಕೆ ಚಾಚಿ ನನ್ನ ಮುಂಗೈ ಹಿಡಿದಳು. ಬಳೆಗಳನ್ನು ತಿರುಗಿಸಲು ನೋಡಿದಳು. ಅವು ತಿರುಗಲಿಲ್ಲ.

“ಬಿಗಿ ಆಗ್ಯಾವ,” ಎಂದಳು. “ಈಗ ಒಂದ ಅಳತಿ ದೊಡ್ಡಾವ ಇಟಗೋ.”

ಮುಂದಿನ ಸಂತೆಗೆ ಬಳೆಗಾರ ಬಂದಾಗ ದೊಡ್ಡ ಅಳತೆಯವನ್ನೇ ಇಡಿಸಿಕೊಂಡೆ. ಕೈ ಹಿಡಿದು ಅವನ ಮುಂದೆ ಚಾಚಲು ಅಷ್ಟರಲ್ಲಿ ಅತ್ತೆ ಇರಲಿಲ್ಲ, ನಾನೇ ಚಾಚಿದೆ.